ಗಿಟ್ ಸಬ್‌ಮಾಡ್ಯೂಲ್: ಉಲ್ಲೇಖವೂ ಸಂರಕ್ಷಣೆಯೂ

ಶಾಸನಪಾಠಗಳನ್ನೂ ಅವುಗಳ ಶೋಧಕ್ಕೆ ಬೇಕಾದ ತಂತ್ರಾಂಶವನ್ನೂ ಗಿಟ್ ಭಂಡಾರಗಳಲ್ಲಿರಿಸುವ ಪದ್ಧತಿ ಇತಿಹಾಸ ಸಂಶೋಧನೆಯಲ್ಲಿಯೂ ಬಳಕೆಗೆ ಬಂದಿದೆ. ಆದುದರಿಂದ ಒಂದು ಭಂಡಾರದೊಳಗೆ ಮತ್ತೊಂದನ್ನು ಸೇರಿಸುವ ಸಬ್‌ಮಾಡ್ಯೂಲ್ ವಿಧಾನದ ಗುಣದೋಷಗಳನ್ನು ಇತಿಹಾಸಕಾರನ ದೃಷ್ಟಿಯಿಂದ ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ಆರಂಭಿಸಿದ ಗಿಟ್ ವ್ಯವಸ್ಥೆಗೆ ಈ ವಿಧಾನವು 2007ರಲ್ಲಿ ಸೇರಿತು. ಇದರಲ್ಲಿ ಹೊರಭಂಡಾರವು ಒಳಭಂಡಾರದ ಕಡತಗಳನ್ನು ತನ್ನಲ್ಲಿ ಇರಿಸಿಕೊಳ್ಳುವುದಿಲ್ಲ. ಅದರ ಒಂದು ಕಮಿಟ್‌ನ, ಎಂದರೆ ದಾಖಲಾದ ಒಂದು ಅವಸ್ಥೆಯ, ಗುರುತನ್ನೂ ಅದು ದೊರೆಯುವ ವಿಳಾಸವನ್ನೂ ಮಾತ್ರ ಬರೆದಿಡುತ್ತದೆ. ಗುರುತನ್ನು ಕಮಿಟ್‌ನ ಒಳವಿಷಯದಿಂದಲೇ ಗಣಿಸಲಾಗುವುದರಿಂದ, ಪಾಠ ಬದಲಾದರೆ ಗುರುತೂ ಬದಲಾಗುತ್ತದೆ. ಒಳಭಂಡಾರದೊಳಗೆ ಮೂರನೆಯದೊಂದಿದ್ದರೆ ಅದರ ಗುರುತು ಒಳಭಂಡಾರದ ಕಮಿಟ್‌ನಲ್ಲಿ ಅಡಕವಾಗಿರುತ್ತದೆ. ಹೀಗೆ ಮೇಲಿನ ಒಂದೇ ಗುರುತು ಕೆಳಗಿನ ಸಮಸ್ತ ಪರಂಪರೆಯನ್ನು ನಿಶ್ಚಯಿಸುತ್ತದೆ. ಸಂಪುಟ, ಆವೃತ್ತಿ, ಪುಟಗಳನ್ನು ನಮೂದಿಸುವ ಅಡಿಟಿಪ್ಪಣಿಗಿಂತಲೂ ಇದು ಖಚಿತವಾದುದು. ಈ ಗುಣವನ್ನು ಅಲ್ಲಗಳೆಯಲಾಗದು.

ಆದರೆ ಉಲ್ಲೇಖವೇ ಸಂರಕ್ಷಣೆಯಲ್ಲ. ಒಳಭಂಡಾರದ ಒಡೆಯರು ಅದನ್ನು ಅಳಿಸಿದರೆ, ಅಥವಾ ನಾವೇ ಒಳಗಿನ ಕಮಿಟನ್ನು ಪ್ರಕಟಿಸಲು ಮರೆತು ಹೊರಗಿನದನ್ನು ಮಾತ್ರ ಪ್ರಕಟಿಸಿದರೆ, ಓದುಗನಿಗೆ ಉಳಿಯುವುದು ಬರಿಯ ಗುರುತು. ಭಂಡಾರವನ್ನು ಸಾಮಾನ್ಯ ರೀತಿಯಲ್ಲಿ ಪ್ರತಿಮಾಡಿಕೊಂಡಾಗಲೂ ಒಳಕೋಶ ಬರಿದಾಗಿಯೇ ಬರುತ್ತದೆ. ಎಲ್ಲ ಹಂತಗಳನ್ನೂ ತರಿಸಬೇಕಾದರೆ ಬೇರೆಯಾಗಿ ಆಜ್ಞಾಪಿಸಬೇಕು. ‘ಆರ್ಕೈವ್’ ಎಂಬ ಹೆಸರಿನ ಆಜ್ಞೆಯೂ ಸಬ್‌ಮಾಡ್ಯೂಲುಗಳ ಕಡತಗಳನ್ನು ಬಿಟ್ಟೇ ಕಟ್ಟು ಕಟ್ಟುತ್ತದೆಂಬುದು ಪತ್ರಾಗಾರಗಳಲ್ಲಿ ದುಡಿದವರಿಗೆ ವಿಚಿತ್ರವೆನಿಸದಿರದು.

ಇದಕ್ಕಿಂತ ಗಹನವಾದ ದೋಷ ಇನ್ನೊಂದಿದೆ. ಮೂರನೆಯ ಭಂಡಾರದ ವಿಳಾಸವೂ ಎರಡನೆಯದರ ಕಮಿಟ್‌ನೊಳಗೇ ಇದೆ. ವಿಳಾಸ ಹಳತಾಯಿತೆಂದು ಅದನ್ನು ತಿದ್ದಿದರೆ ಎರಡನೆಯದರಲ್ಲಿ ಹೊಸ ಕಮಿಟ್ ಹುಟ್ಟುತ್ತದೆ. ನಾವು ಉಲ್ಲೇಖಿಸಿದ್ದ ಕಮಿಟ್ ಹಳೆಯ ವಿಳಾಸವನ್ನೇ ಹೊತ್ತುಕೊಂಡಿರುತ್ತದೆ. ಸ್ವಂತ ಯಂತ್ರದ ಸಂರಚನೆಯಲ್ಲಿ ಬದಲಿ ವಿಳಾಸವನ್ನು ಸೂಚಿಸಲು ಅವಕಾಶವುಂಟು. ಆದರೆ ಆ ಸೂಚನೆ ಭಂಡಾರದೊಡನೆ ಇತರರಿಗೆ ತಲುಪುವುದಿಲ್ಲ. ವಸ್ತುವಿನ ಗುರುತು ಶಾಶ್ವತ, ನೆಲೆ ಅಶಾಶ್ವತ. ಇವೆರಡನ್ನೂ ಒಂದೇ ದಾಖಲೆಯಲ್ಲಿ ಬಂಧಿಸಿರುವುದೇ ಈ ವಿಧಾನದ ಕೊರತೆಯ ಮೂಲ.

ಸಬ್‌ಟ್ರೀ ವಿಧಾನದಲ್ಲಿ ಕಡತಗಳೇ ಹೊರಭಂಡಾರಕ್ಕೆ ಸೇರುವುದರಿಂದ ಈ ಭಯವಿಲ್ಲ. ಆದರೆ ಅನ್ಯರ ಕೃತಿ ಯಾವುದು, ನಮ್ಮ ತಿದ್ದುಪಡಿ ಯಾವುದು ಎಂಬ ವಿವೇಚನೆ ಅಲ್ಲಿ ಕಷ್ಟ. ಆದುದರಿಂದ ಸಬ್‌ಮಾಡ್ಯೂಲನ್ನು ತೊರೆಯುವ ಬದಲು, ಅದು ಸೂಚಿಸುವ ಪ್ರತಿಯೊಂದು ಭಂಡಾರದ ಪೂರ್ಣಪ್ರತಿಯನ್ನೂ ಬದಲಿ ವಿಳಾಸಗಳ ಪಟ್ಟಿಯನ್ನೂ ಸಂಶೋಧನ ಸಂಸ್ಥೆಯೇ ಇರಿಸಿಕೊಳ್ಳುವುದು ಯುಕ್ತ. ಇಲ್ಲವಾದರೆ ನಮ್ಮ ನಿರ್ಣಯಗಳನ್ನು ಮುಂದಿನವರು ಪರೀಕ್ಷಿಸಲಾರರು, ಕೇವಲ ನಂಬಬೇಕಾಗುವುದು.