ಕೋಶಿಮಾದ ಕಪಿಗಳೂ ಕಲಿಕೆಯ ದಾರಿಯೂ

ಜಪಾನಿನ ಕೋಶಿಮಾ ದ್ವೀಪದ ಕಪಿಗಳನ್ನು ಕುರಿತು ಮಸಾವೊ ಕವಾಯಿಯವರು 1965ರಲ್ಲಿ ಪ್ರಕಟಿಸಿದ ಪ್ರಬಂಧವು ವಾನರಶಾಸ್ತ್ರದಲ್ಲಿ ಬಹುಮಾನ್ಯವಾದುದು. 1953ರಲ್ಲಿ ಇಮೊ ಎಂಬ ಒಂದೂವರೆ ವರ್ಷದ ಹೆಣ್ಣುಮರಿಯು ಮರಳು ಹತ್ತಿದ ಗೆಣಸನ್ನು ನೀರಿನಲ್ಲಿ ತೊಳೆದು ತಿಂದಿತು. ಕ್ರಮೇಣ ಈ ವಾಡಿಕೆಯು ಹಿಂಡಿನಲ್ಲಿ ಹಬ್ಬಿತು. ಈ ಕಥೆಯನ್ನು ಅನೇಕರು ಬಲ್ಲರು. ಆದರೆ ಪ್ರಬಂಧದ ಸಾರವಿರುವುದು ಅದರ ಗಣನೆಯಲ್ಲಿ.

1958ರ ವೇಳೆಗೆ ಎರಡರಿಂದ ಏಳು ವರ್ಷದ 19 ಕಪಿಗಳಲ್ಲಿ 15 ಕಪಿಗಳು ತೊಳೆಯಲು ಕಲಿತಿದ್ದುವು. ಪ್ರಾಯಕ್ಕೆ ಬಂದ 11ರಲ್ಲಿ ಕಲಿತುವು ಎರಡೇ, ಅವೆರಡೂ ಹೆಣ್ಣು. ವಿದ್ಯೆಯು ಆಟದ ಜೊತೆಗಾರರಲ್ಲಿಯೂ ಮರಿಯಿಂದ ತಾಯಿಗೂ, ಅನಂತರ ತಾಯಿಯಿಂದ ಮರಿಗೂ ಹರಿಯಿತು. ಹೀಗಿರಲು, ಕಲಿತವುಗಳ ಸಂಖ್ಯೆಯು ಒಂದು ಮಿತಿಯನ್ನು ಮುಟ್ಟಿದೊಡನೆ ವಿದ್ಯೆಯು ಉಳಿದೆಲ್ಲಕ್ಕೂ ತಾನಾಗಿ ಬಂದಿತೆಂದು 1979ರಲ್ಲಿ ಲಯಲ್ ವಾಟ್ಸನ್ ಹೆಣೆದ ‘ನೂರನೆಯ ಕಪಿ’ಯ ಕಲ್ಪನೆಯು ಈ ಅಂಕಿಗಳೆದುರು ನಿಲ್ಲಲಾರದು.

1992ರಲ್ಲಿ ಬೆನೆಟ್ ಗೇಲೆಫರು ಎತ್ತಿದ ಆಕ್ಷೇಪವು ಹೆಚ್ಚು ಗುರುತರವಾದುದು. ಅನುಕರಣೆಯೇ ಕಾರಣವಾಗಿದ್ದರೆ ಕಲಿತವುಗಳು ಹೆಚ್ಚಿದಂತೆ ಹರಡುವ ವೇಗವೂ ಹೆಚ್ಚಬೇಕಿತ್ತು. ಹಾಗಾಗದುದರಿಂದ ಒಂದೊಂದು ಕಪಿಯೂ ತಾನೇ ಕಲಿತಿರಬಹುದೆಂದು ಅವರ ವಾದ. ಆದರೆ ಎಲ್ಲವೂ ಎಲ್ಲವುಗಳೊಡನೆ ಸಮವಾಗಿ ಬೆರೆಯುವ ಹಿಂಡಿಗೆ ಮಾತ್ರ ಈ ನಿರೀಕ್ಷೆಯು ಸಲ್ಲುವುದು. ಈ ಕಪಿಗಳಲ್ಲಿ ತಾಯಿಯ ಕಡೆಯ ಬಂಧುತ್ವವೂ ಮೇಲುಕೀಳಿನ ಶ್ರೇಣಿಯೂ ಪ್ರಬಲವಾದುವು. ಯಾವುದರ ಪಕ್ಕದಲ್ಲಿ ಯಾವುದು ಕುಳಿತು ತಿನ್ನಬಹುದೆಂಬುದು ಬಹುಮಟ್ಟಿಗೆ ಅವುಗಳಿಂದಲೇ ನಿರ್ಣೀತವಾಗುವುದು. ಆದುದರಿಂದ ನಿಧಾನವೊಂದೇ ಅನುಕರಣೆಯ ಅಭಾವಕ್ಕೆ ಸಾಕ್ಷಿಯಾಗದು.

ಆದರೂ ಕವಾಯಿಯವರ ಪಕ್ಷವು ಪೂರ್ಣವಾಗಿ ಗೆದ್ದಿತೆನ್ನುವಂತಿಲ್ಲ. ಪ್ರೌಢ ಗಂಡುಗಳು ಕಲಿಯದುದು ವಯಸ್ಸಿನ ಜಡತೆಯಿಂದಲೋ, ಮರಿಗಳ ಒಡನಾಟವಿಲ್ಲದುದರಿಂದಲೋ, ಈ ಅಂಕಿಗಳಿಂದಲೇ ತಿಳಿಯದು. ಕಲಿಯುವ ಶಕ್ತಿಯನ್ನು ಅಳೆಯುವ ಮುನ್ನ ಕಲಿಯುವ ಅವಕಾಶವನ್ನು ಅಳೆಯಬೇಕು.