ಕಬ್ಬಿಣ ಕಲಿಸುವುದೆಷ್ಟು?

ಭಾರ ಎತ್ತಿದರೆ ಮನಸ್ಸು ಗಟ್ಟಿಯಾಗುತ್ತದೆ, ಶಿಸ್ತು ಬರುತ್ತದೆ ಎಂದು ಜಿಮ್ ನಡೆಸುವವರು ಹೇಳುತ್ತಾರೆ. ಪದಕ ಗೆದ್ದವರ ಸನ್ಮಾನ ಸಮಾರಂಭಗಳಲ್ಲೂ ಅದೇ ಮಾತು ಕೇಳಿಬರುತ್ತದೆ. ಅದರಲ್ಲಿ ನಿಜ ಇಲ್ಲದಿಲ್ಲ. ಆದರೆ ಎಷ್ಟು ನಿಜ, ಏಕೆ ನಿಜ ಎಂದು ಕೂತು ಯೋಚಿಸಿದವರು ಕಡಿಮೆ. ಭಾರ ಎತ್ತಿದವರೆಲ್ಲ ಗುಣವಂತರಾಗಿದ್ದರೆ ವೇಟ್‌ಲಿಫ್ಟಿಂಗ್ ಚರಿತ್ರೆಗೆ ಇಷ್ಟೊಂದು ಮಸಿ ಅಂಟುತ್ತಿರಲಿಲ್ಲ. ಅದು ಏನನ್ನೂ ಕಲಿಸದ ಆಟವಾಗಿದ್ದರೆ ಮೀರಾಬಾಯಿ ಚಾನು ರಿಯೋ ಒಲಿಂಪಿಕ್ಸ್‌ನಲ್ಲಿ ಸೋತು ಬಂದ ಮೇಲೆ ಮತ್ತೆ ಬಾರ್‌ಬೆಲ್ ಮುಟ್ಟುತ್ತಿರಲಿಲ್ಲ.

ಈ ಆಟಕ್ಕೆ ಮನುಷ್ಯನನ್ನು ತಿದ್ದುವ ಶಕ್ತಿ ಇದ್ದರೆ ಅದು ಇರುವುದು ಅದರ ಕಟ್ಟಳೆಗಳಲ್ಲಿ ಎಂದು ನನಗನ್ನಿಸುತ್ತದೆ. ಒಂದೇ ಸೆಳೆತಕ್ಕೆ ತಲೆಯ ಮೇಲಕ್ಕೆ ಒಯ್ಯುವ ಸ್ನ್ಯಾಚ್‌ಗೆ ಮೂರು ಅವಕಾಶ. ಮೊದಲು ಹೆಗಲಿಗೆ, ಅಲ್ಲಿಂದ ಮೇಲಕ್ಕೆ ಒಯ್ಯುವ ಕ್ಲೀನ್ ಅಂಡ್ ಜರ್ಕ್‌ಗೆ ಮೂರು. ಎಷ್ಟು ಕಿಲೋ ಎತ್ತುತ್ತೇನೆ ಎಂಬುದನ್ನು ಎತ್ತುವವರೇ ಮೊದಲು ತಿಳಿಸಬೇಕು. ಹೆಸರು ಕೂಗಿದ ಮೇಲೆ ಸಾಮಾನ್ಯವಾಗಿ ಸಿಗುವುದು ಒಂದು ನಿಮಿಷ. ಸೋತರೆ ಅದೇ ತೂಕವನ್ನು ಮತ್ತೆ ಕೇಳಬಹುದು, ಇನ್ನೂ ಹೆಚ್ಚಿನದನ್ನು ಕೇಳಬಹುದು, ಕಡಿಮೆ ಮಾತ್ರ ಕೇಳುವಂತಿಲ್ಲ. ತೀರ್ಪು ಮೂವರು ರೆಫರಿಗಳದು: ಸರಿಯಿದ್ದರೆ ಬಿಳಿ ದೀಪ, ತಪ್ಪಿದರೆ ಕೆಂಪು. ಮೊಣಕೈ ಸ್ವಲ್ಪ ಮಡಿಚಿ ಮತ್ತೆ ಒತ್ತಿದರೂ ಕೆಂಪು. ಹಿಂದೆ ಪ್ರೆಸ್ ಎಂಬ ಮೂರನೆಯ ಬಗೆಯೂ ಇತ್ತು. ಅದರಲ್ಲಿ ಸ್ಪರ್ಧಿಗಳು ಬೆನ್ನನ್ನು ಹಿಂದಕ್ಕೆ ಬಾಗಿಸಿ ಬಾಗಿಸಿ, ಸರಿ ಯಾವುದು ತಪ್ಪು ಯಾವುದು ಎಂದು ಹೇಳುವುದೇ ಕಷ್ಟವಾಯಿತು. 1972ರ ಮ್ಯೂನಿಕ್ ಒಲಿಂಪಿಕ್ಸ್ ಮುಗಿದ ಮೇಲೆ ಅದನ್ನು ಕೈಬಿಟ್ಟರು. ಬಿಟ್ಟದ್ದು ಒಳ್ಳೆಯದೇ ಆಯಿತು. ನೆಪ ಹೇಳಲು ಜಾಗ ಇಲ್ಲದಿರುವುದೇ ಈ ಆಟದ ದೊಡ್ಡ ಗುಣ. ಕ್ರಿಕೆಟ್‌ನಲ್ಲಿ ಪಿಚ್ ಇದೆ, ಟಾಸ್ ಇದೆ. ಇಲ್ಲಿ ಇರುವುದು ತಾನೇ ಹೇಳಿದ ಒಂದು ಅಂಕಿ, ಮತ್ತು ಅದನ್ನು ನೋಡುತ್ತಿರುವ ಸಭೆ.

ಇಂಥ ಕಟ್ಟಳೆಯ ಬಿಸಿ ಎಷ್ಟೆಂಬುದಕ್ಕೆ ನಮ್ಮ ಕುಂದಾಪುರದ ಗುರುರಾಜ ಪೂಜಾರಿ ಸಾಕ್ಷಿ. 2018ರ ಏಪ್ರಿಲ್‌ನಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಅವರು ಸ್ನ್ಯಾಚ್‌ನಲ್ಲಿ 111 ಕಿಲೋ ಎತ್ತಿದ್ದರು. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೊದಲ ಎರಡು ಯತ್ನಗಳೂ ಕೈಕೊಟ್ಟವು. ಮೂರನೆಯದೂ ಹೋಗಿದ್ದರೆ ಆ 111 ಕೂಡ ಲೆಕ್ಕಕ್ಕೆ ಬರುತ್ತಿರಲಿಲ್ಲ. ಒಟ್ಟು ತೂಕವೇ ಇಲ್ಲದೆ ಅವರು ಊರಿಗೆ ಮರಳಬೇಕಾಗಿತ್ತು. ಮೂರನೆಯ ಸಲ 138 ಕಿಲೋ ಮೇಲೇರಿತು. ಒಟ್ಟು 249 ಕಿಲೋ, ಬೆಳ್ಳಿ, ಆ ಕೂಟದಲ್ಲಿ ಭಾರತಕ್ಕೆ ಮೊದಲ ಪದಕ. ಮಾರನೆಯ ದಿನ ಎಲ್ಲೆಡೆ ಚರ್ಚೆಯಾದದ್ದು ಅವರ ತಂದೆ ವಾಹನ ಚಾಲಕರು, ಮನೆಯಲ್ಲಿ ಬಡತನ ಎಂಬುದು. ಅದೂ ತಿಳಿಯಬೇಕಾದದ್ದೇ. ಆದರೆ ಎರಡನೆಯ ಸೋಲಿಗೂ ಮೂರನೆಯ ಯತ್ನಕ್ಕೂ ನಡುವೆ ಇದ್ದ ಕೆಲವೇ ನಿಮಿಷಗಳಲ್ಲಿ ಒಬ್ಬ ಮನುಷ್ಯ ತನ್ನ ಕೈಕಾಲನ್ನು ಹೇಗೆ ಹತೋಟಿಗೆ ತಂದುಕೊಂಡ ಎಂಬುದು ನನ್ನ ಮಟ್ಟಿಗೆ ಇನ್ನೂ ದೊಡ್ಡ ಸಂಗತಿ. ಅದು ಆ ಹೊತ್ತಿಗೆ ಎಲ್ಲಿಂದಲೋ ಒದಗಿಬಂದ ಧೈರ್ಯ ಎಂದು ನಾನು ನಂಬುವುದಿಲ್ಲ. ಉಜಿರೆಯ ಕಾಲೇಜು ದಿನಗಳಿಂದ ದಿನದಿನವೂ ಅಭ್ಯಾಸದಲ್ಲಿ ಸೋತು, ಮತ್ತೆ ಬಾರ್ ಹಿಡಿದು ರೂಢಿಯಾದ ಮನಸ್ಸು ಅದು.

ಅದೇ ಕಟ್ಟಳೆ ಎದೆಗಾರಿಕೆಗೆ ಬೆಲೆಯನ್ನೂ ಕೇಳುತ್ತದೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕರ್ಣಂ ಮಲ್ಲೇಶ್ವರಿ 110 ಮತ್ತು 130, ಒಟ್ಟು 240 ಕಿಲೋ ಎತ್ತಿದ್ದರು. ಚಿನ್ನ, ಬೆಳ್ಳಿ ಗೆದ್ದ ಇಬ್ಬರದೂ 242.5. ಕೊನೆಯ ಯತ್ನಕ್ಕೆ ಮಲ್ಲೇಶ್ವರಿ ಕೇಳಿದ್ದು 137.5 ಕಿಲೋ. ಎತ್ತಿದ್ದರೆ ಚಿನ್ನ. ಎತ್ತಲಾಗಲಿಲ್ಲ, ಕಂಚು ಉಳಿಯಿತು. ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಎಂಬ ಹೆಸರೂ ಉಳಿಯಿತು. ಅಂದು ಅವರು ತಪ್ಪು ಲೆಕ್ಕ ಹಾಕಿದರು ಎನ್ನುವವರಿದ್ದಾರೆ. ನಾನು ಹಾಗನ್ನಲಾರೆ.

ಮೀರಾಬಾಯಿಯವರ ಕಥೆಯನ್ನು ಮಾತ್ರ ನಾವು ಹೇಳುತ್ತಿರುವ ರೀತಿಯೇ ಸರಿಯಿಲ್ಲ. 2016ರ ರಿಯೋದಲ್ಲಿ ಕ್ಲೀನ್ ಅಂಡ್ ಜರ್ಕ್‌ನ ಮೂರು ಯತ್ನಗಳೂ ವಿಫಲವಾಗಿ ಅವರ ಹೆಸರಿನ ಮುಂದೆ ಒಟ್ಟು ತೂಕವೇ ದಾಖಲಾಗಲಿಲ್ಲ. ಮರುವರ್ಷ ಅಮೆರಿಕದ ಅನಾಹೈಮ್‌ನಲ್ಲಿ 194 ಕಿಲೋ ಎತ್ತಿ ವಿಶ್ವ ಚಾಂಪಿಯನ್ ಆದರು. 2021ರ ಟೋಕಿಯೋದಲ್ಲಿ 202 ಕಿಲೋ, ಬೆಳ್ಳಿ. ಇದನ್ನೆಲ್ಲ ಛಲದ ಕಥೆಯಾಗಿ, ಹಲ್ಲು ಕಚ್ಚಿ ಎದ್ದು ಬಂದವಳ ಕಥೆಯಾಗಿ ಮಕ್ಕಳಿಗೆ ಹೇಳುತ್ತೇವೆ. ಆದರೆ ಸ್ನ್ಯಾಚ್‌ನ ಅಂಕಿಗಳನ್ನಷ್ಟೇ ಸಾಲಾಗಿ ಇಟ್ಟು ನೋಡಿ: ರಿಯೋದಲ್ಲಿ 82, ಅನಾಹೈಮ್‌ನಲ್ಲಿ 85, ಟೋಕಿಯೋದಲ್ಲಿ 87, 2024ರ ಪ್ಯಾರಿಸ್‌ನಲ್ಲಿ 88. ರಿಯೋದಿಂದ ಪ್ಯಾರಿಸ್‌ಗೆ ಎಂಟು ವರ್ಷ, ಹೆಚ್ಚಿದ್ದು ಆರು ಕಿಲೋ. ಟೋಕಿಯೋಗೆ ಮುಂಚೆ, 2020ರಲ್ಲಿ, ಹೆಗಲಿನ ದೋಷ ಸರಿಪಡಿಸಿಕೊಳ್ಳಲು ಅವರು ಅಮೆರಿಕಕ್ಕೆ ಹೋದರು. ಜಗತ್ತನ್ನು ಗೆದ್ದವರು ಹೆಗಲು ಆಡಿಸುವುದನ್ನು ಮತ್ತೆ ಮೊದಲಿನಿಂದ ಕಲಿಯಲು ಒಪ್ಪಿದರಲ್ಲ, ಮನೋಬಲ ಅಂದರೆ ಅದು. ಛಲ ಬಹಳ ಮಂದಿಗೆ ಇರುತ್ತದೆ. ತನ್ನ ಕೊರತೆ ಇಂಥಲ್ಲೇ ಇದೆ ಎಂದು ಬೆರಳಿಟ್ಟು ತೋರಿಸಿದಾಗ ಸಿಟ್ಟಾಗದೆ ಅದನ್ನು ತಿದ್ದಿಕೊಳ್ಳುವ ತಾಳ್ಮೆ ಅಪರೂಪ.

ಪ್ಯಾರಿಸ್‌ನಲ್ಲಿ ಅವರ ಒಟ್ಟು ತೂಕ 199 ಕಿಲೋ. ಕಂಚು ಗೆದ್ದವರದು 200. ಒಂದೇ ಕಿಲೋ ಅಂತರದಲ್ಲಿ ನಾಲ್ಕನೆಯ ಸ್ಥಾನ. ಭಾರ ಎತ್ತುವುದು ಗುಣವನ್ನು ರೂಪಿಸುತ್ತದೆ ಎಂಬ ಮಾತನ್ನು ಪದಕದ ಜೊತೆಗೆ ಮಾತ್ರ ಹೇಳುವವರು ಈ ನಾಲ್ಕನೆಯ ಸ್ಥಾನವನ್ನು ಏನು ಮಾಡುತ್ತಾರೆ? ಟೋಕಿಯೋದ ಮೀರಾಬಾಯಿಗಿಂತ ಪ್ಯಾರಿಸ್‌ನ ಮೀರಾಬಾಯಿ ಒಂದು ಎಳೆಯಷ್ಟೂ ಕಡಿಮೆಯವರಲ್ಲ.

ಹತ್ತಿರ ನಿಂತು ನೋಡಬೇಕಾದದ್ದು ಇನ್ನೊಂದಿದೆ. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಬಾರ್ ಹೆಗಲಿಗೆ ಬಂದು, ಕುಕ್ಕರಗಾಲಿನಿಂದ ಎದ್ದು ನಿಂತ ಮೇಲೆ ಒಂದು ಗಳಿಗೆ ಬರುತ್ತದೆ. ಬಾರ್ ಕತ್ತಿನ ಬುಡಕ್ಕೆ ಒತ್ತಿಕೊಂಡಿರುತ್ತದೆ, ಉಸಿರು ಪೂರ್ತಿ ಎಳೆಯಲಾಗುವುದಿಲ್ಲ, ತೊಡೆ ಅದಾಗಲೇ ಸೋತಿರುತ್ತದೆ. ಹೆಬ್ಬೆರಳನ್ನು ಉಳಿದ ಬೆರಳುಗಳ ಕೆಳಗೆ ಸಿಕ್ಕಿಸಿ ಹಿಡಿದಿದ್ದರಿಂದ ಅದರ ನೋವು ಬೇರೆ. ಆಗ ಅವಸರ ಮಾಡಿದವರು ಕೆಡುತ್ತಾರೆ, ತಡ ಮಾಡಿದವರಿಗೆ ಕಣ್ಣು ಕತ್ತಲೆ ಬರುತ್ತದೆ. ಅನುಭವಿಗಳು ಹಿಡಿತವನ್ನು ತುಸು ಸರಿಮಾಡಿಕೊಂಡು, ಮಂಡಿಯನ್ನು ಸ್ವಲ್ಪವೇ ತಗ್ಗಿಸಿ, ಒಂದೇ ನೂಕಿಗೆ ಬಾರನ್ನು ಮೇಲಕ್ಕೆ ಕಳಿಸಿ ತಾವು ಅದರ ಅಡಿಗೆ ಸರಿಯುತ್ತಾರೆ. ಮೈಯೆಲ್ಲ ಬಿಟ್ಟುಬಿಡು ಎನ್ನುತ್ತಿರುವಾಗ ಕಲಿತದ್ದನ್ನು ಕಲಿತ ಹಾಗೆಯೇ ಮಾಡುವುದು. ಪರೀಕ್ಷೆಯ ಕೋಣೆಯಲ್ಲಿ, ಆಸ್ಪತ್ರೆಯ ವರಾಂಡದಲ್ಲಿ, ಮನೆಯ ಜಗಳದ ನಡುವೆ ನಮಗೆ ಬೇಕಾಗುವುದೂ ಇದೇ. ಈ ಕಲಿಕೆ ಅಲ್ಲಿಗೂ ತಾನಾಗಿ ಬರುತ್ತದೆ ಎಂದು ನಾನು ಹೇಳಲಾರೆ. ಬರಿಸಿಕೊಂಡವರಿಗೆ ಬರುತ್ತದೆ.

ಇನ್ನು ಕಹಿ ಮಾತು. ಉದ್ದೀಪನ ಮದ್ದಿನಿಂದ ಇಷ್ಟೊಂದು ಹಾಳಾದ ಒಲಿಂಪಿಕ್ ಆಟಗಳು ಬಹಳ ಇಲ್ಲ. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಇಬ್ಬರು ಬಲ್ಗೇರಿಯನ್ನರು ಸಿಕ್ಕಿಬಿದ್ದರು. ಅವರ ತಂಡವೇ ಸ್ಪರ್ಧೆಯ ನಡುವೆ ಹಿಂದೆ ಸರಿಯಿತು. ಭಾರತವೂ ಇದರಿಂದ ಹೊರತಲ್ಲ: ನಿಷೇಧದ ಕಾರಣಕ್ಕೆ 2006ರ ದೋಹಾ ಏಷ್ಯನ್ ಕ್ರೀಡಾಕೂಟಕ್ಕೆ ನಮ್ಮ ವೇಟ್‌ಲಿಫ್ಟರ್‌ಗಳು ಹೋಗಲಾಗಲಿಲ್ಲ. ದಶಕಗಳ ಕಾಲ ಅಂತರರಾಷ್ಟ್ರೀಯ ಒಕ್ಕೂಟವನ್ನು ಆಳಿದ ತಮಾಷ್ ಅಯಾನ್ 2020ರಲ್ಲಿ ಹಗರಣದ ನಡುವೆ ಕುರ್ಚಿ ಬಿಟ್ಟರು. ಸಿಕ್ಕಿಬಿದ್ದವರೂ ಬೆಳಗ್ಗೆ ಬೇಗ ಎದ್ದವರೇ, ನೋವು ನುಂಗಿದವರೇ, ಅಂಗೈಯ ಚರ್ಮ ಕಿತ್ತುಕೊಂಡವರೇ. ಶಿಸ್ತು ಅವರಲ್ಲಿ ಬೇಕಾದಷ್ಟಿತ್ತು. ಕಬ್ಬಿಣ ಸಹನೆ ಕೊಡುತ್ತದೆ, ಆದರೆ ಪ್ರಾಮಾಣಿಕತೆಯನ್ನು ಕೊಡುವ ಶಕ್ತಿ ಅದಕ್ಕಿಲ್ಲ. ಅದು ಬರಬೇಕಾದದ್ದು ಹೇಳಿಕೊಡುವವರಿಂದ, ಸುತ್ತಲಿನ ಸಹವಾಸದಿಂದ.

ನಮ್ಮ ಹಳಬರಿಗೆ ಇದು ಗೊತ್ತಿತ್ತು ಎನ್ನಲು ಆಧಾರವಿದೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಗುಂಡುಕಲ್ಲು, ಉಸುಕಿನ ಚೀಲ ಎತ್ತುವ ಸ್ಪರ್ಧೆ ಈಗಲೂ ನಡೆಯುತ್ತದೆ. ಯಾವ ಕಲ್ಲನ್ನು ಯಾರು ಎತ್ತಿದರು, ಯಾರ ಮೊಣಕಾಲಿನವರೆಗೆ ಬಂದು ಉರುಳಿತು ಎಂಬುದೆಲ್ಲ ಊರಿಗೇ ಗೊತ್ತಿರುತ್ತದೆ. ಗರಡಿಯಲ್ಲಿ ಉಸ್ತಾದರ ಕಣ್ಣು ತಪ್ಪಿಸಿ ಯಾರೂ ಏನೂ ಮಾಡುವಂತಿರಲಿಲ್ಲ. ಬೆಂಗಳೂರಿನ ಕೆ.ವಿ. ಅಯ್ಯರ್ ಅವರನ್ನು ನೋಡಿ. ಬಾರ್‌ಬೆಲ್ ಜೊತೆಗೆ ಸೂರ್ಯನಮಸ್ಕಾರ, ಆಸನಗಳನ್ನು ಸೇರಿಸಿ ಹುಡುಗರನ್ನು ತಯಾರು ಮಾಡಿದ ವ್ಯಾಯಾಮಶಾಲೆ ಅವರದು. ತಮ್ಮ ಮೈಕಟ್ಟಿನ ಬಗ್ಗೆ ಅವರಿಗೆ ಹೆಮ್ಮೆಯಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಅದೇ ಮನುಷ್ಯ ನಾಟಕಕಾರ ಕೈಲಾಸಂ ಅವರ ಆಪ್ತ ಗೆಳೆಯ, ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳ ಕರ್ತೃ. ಅವರಿಗೆ ಮೈ ಬೆಳೆಸುವುದು ಬದುಕಿನ ಒಂದು ಪಾಲಾಗಿತ್ತು, ಬದುಕೇ ಅದಾಗಿರಲಿಲ್ಲ.

ಇಂದಿನ ಬಹಳಷ್ಟು ಜಿಮ್‌ಗಳಲ್ಲಿ ಈ ಕಣ್ಗಾವಲು ಕಾಣೆಯಾಗಿದೆ. ಕನ್ನಡಿ ಇದೆ, ಮೊಬೈಲ್ ಇದೆ, ಪೌಡರ್ ಡಬ್ಬಿ ಇದೆ, ಮೂರು ತಿಂಗಳಲ್ಲಿ ಬಾಡಿ ಎಂಬ ಆಸೆ ಇದೆ. ಅವಸರಕ್ಕೆ ಬಿದ್ದ ಹುಡುಗರಿಗೆ ಸೂಜಿಯ ದಾರಿ ತೋರಿಸುವವರೂ ಇದ್ದಾರೆ. ಅಲ್ಲಿ ಎತ್ತುವ ಕಬ್ಬಿಣ ಅದೇ, ತೂಕವೂ ಅದೇ. ಹುಡುಗ ಕಲಿಯುವುದು ಮಾತ್ರ ಸುಳ್ಳನ್ನು. ಇಷ್ಟಾದರೂ ಈ ಅಭ್ಯಾಸದ ಪರವಾಗಿಯೇ ನಾನು ನಿಲ್ಲುತ್ತೇನೆ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ. ಒಲಿಂಪಿಕ್ಸ್ ಅವರಿಗೆ ಈ ಬಾಗಿಲು ತೆರೆದದ್ದೇ 2000ದಲ್ಲಿ. ತನ್ನ ಮೈಯಲ್ಲಿ ಎಷ್ಟು ಬಲವಿದೆ ಎಂಬುದನ್ನು ಕಿಲೋ ಲೆಕ್ಕದಲ್ಲಿ ತಾನೇ ಅರಿತ ಹುಡುಗಿಯನ್ನು ಕುಗ್ಗಿಸುವುದು ಸುಲಭವಲ್ಲ.

ಮಗನನ್ನೋ ಮಗಳನ್ನೋ ಭಾರ ಎತ್ತಲು ಸೇರಿಸುವ ತಂದೆತಾಯಿಗಳು ಅಲ್ಲಿನ ಯಂತ್ರಗಳನ್ನು ಎಣಿಸುವುದು ಬೇಡ. ಒಂದು ಸಂಜೆ ಮೂಲೆಯಲ್ಲಿ ಕೂತು ಕೋಚ್ ಏನು ಹೇಳುತ್ತಾರೆಂದು ಕೇಳಿ. ಎಂದಿನ ತೂಕ ಇವತ್ತು ಆಗುತ್ತಿಲ್ಲ ಎಂದು ಒದ್ದಾಡುವ ಹುಡುಗನಿಗೆ ಅವರು ‘ಇವತ್ತಿಗೆ ಸಾಕು, ಪ್ಲೇಟ್ ಇಳಿಸು’ ಎಂದರೆ ನಿಮ್ಮ ಮಗುವನ್ನು ಅಲ್ಲಿಗೇ ಸೇರಿಸಿ.