ಬ್ಯಾಡಗಿ ಖಾರ ಬಲ್ಲವರಿಗೆ ಒಂದು ಕಾಫಿ ಗ್ರೈಂಡರ್

ತುಂಗಭದ್ರೆಯ ಆಚೆ ದಂಡೆಯ ಹರಿಹರದಲ್ಲಿ ಮನೆಗೆ ಬಂದವರಿಗೆ ಕಾಫಿ ಕೊಡುತ್ತಾರೆ. ಈಚೆ ದಂಡೆಯ ಕುಮಾರಪಟ್ಟಣದಿಂದ ಶುರುವಾಗಿ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿವರೆಗೂ ಕೇಳುವ ಮಾತು ಒಂದೇ: ‘ಚಹಾ ತಗೋತೀರಲ್ರಿ?’ 1956ರವರೆಗೆ ಆ ಕಡೆ ಮೈಸೂರು ಸೀಮೆ, ಈ ಕಡೆ ಮುಂಬಯಿಗೆ ಸೇರಿದ ಧಾರವಾಡ ಜಿಲ್ಲೆ. ಗಡಿ ಅಳಿಸಿಹೋಗಿ ಎಷ್ಟೋ ಕಾಲವಾದರೂ ನಾಲಿಗೆಯ ರೂಢಿ ಅಷ್ಟು ಬೇಗ ಅಳಿಯುವುದಿಲ್ಲ. ಆದರೂ ಈಗೀಗ ನಮ್ಮ ಕಡೆಯ ಅಡುಗೆಮನೆಗಳಲ್ಲಿ ಸ್ಟೀಲಿನ ಕಾಫಿ ಫಿಲ್ಟರ್ ಕಾಣುತ್ತಿದೆ. ಶಿವಮೊಗ್ಗ, ದಾವಣಗೆರೆ ಕಡೆಯಿಂದ ಬಂದ ಸೊಸೆಯಂದಿರು ತಂದದ್ದು, ಬೆಂಗಳೂರಿನಲ್ಲಿ ನೌಕರಿ ಮಾಡುವ ಮಕ್ಕಳು ಕೊಂಡುಕೊಟ್ಟದ್ದು. ಫಿಲ್ಟರ್ ಬಂತು, ಒಳ್ಳೆಯ ಎಮ್ಮೆ ಹಾಲು ನಮ್ಮಲ್ಲಿ ಮೊದಲೇ ಇದೆ. ಇಷ್ಟಿದ್ದೂ ಅನೇಕ ಮನೆಗಳಲ್ಲಿ ಕಾಫಿ ಸಪ್ಪೆ, ಇಲ್ಲವೇ ಬರೀ ಕಹಿ. ಕಾರಣ ಪುಡಿ. ತಿಂಗಳ ಕಿರಾಣಿ ಸಾಮಾನಿನ ಜೊತೆ ಬಂದ ಪೊಟ್ಟಣದ ಪುಡಿ ಎಂದೋ ಬೀಸಿದ್ದು. ಬಾಯಿ ಒಡೆದ ಮೇಲೆ ಮತ್ತೆ ತಿಂಗಳುಗಟ್ಟಲೆ ಒಲೆಯ ಪಕ್ಕದಲ್ಲಿ ಕುಳಿತಿರುತ್ತದೆ.

ಬೀಸುವುದರ ಬೆಲೆ ನಮ್ಮ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿಯ ಅಂಚು ಹರಿಯುತ್ತದೆಂದು ಇಲ್ಲಿನ ಪ್ರತಿ ಮನೆಯವರಿಗೂ ಗೊತ್ತು. ಅದಕ್ಕೇ ಬೇಕಾದಷ್ಟನ್ನೇ ಗಿರಣಿಗೆ ಒಯ್ಯುತ್ತಾರೆ. ಖಾರದ ವಿಷಯದಲ್ಲಂತೂ ಬ್ಯಾಡಗಿಯವರ ಕಣ್ಣು ಮೂಗು ಇನ್ನೂ ಚುರುಕು. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಮೆಣಸಿನಕಾಯಿಯ ಹೆಸರು ನಿಂತಿರುವುದೇ ಬಣ್ಣ ಮತ್ತು ವಾಸನೆಯ ಮೇಲೆ, ಖಾರ ಕಡಿಮೆ. ಬೀಸುವಾಗ ಬಿಸಿ ಏರಿದರೆ ಆ ಬಣ್ಣ, ವಾಸನೆ ಎರಡೂ ಕೆಡುತ್ತವೆ. ಡಬ್ಬಿ ತಳಿಯ ಕಾಯಿಯನ್ನು ಆರಿಸಿ, ತೊಟ್ಟು ಮುರಿದು, ಬಿಸಿಲಿಗೆ ಹಾಕಿ ಗಿರಣಿಗೆ ಒಯ್ಯುವ ಹೆಣ್ಣುಮಗಳು ಯಂತ್ರದ ಬಾಯಿಂದ ಬಿದ್ದ ಬಿಸಿ ಪುಡಿಯನ್ನು ಹಾಗೇ ಡಬ್ಬಿಗೆ ತುಂಬುವುದಿಲ್ಲ. ಹರವಿ ಆರಿಸಿಯೇ ತುಂಬುತ್ತಾಳೆ. ಇಷ್ಟು ತಿಳಿವಳಿಕೆ ಇರುವ ಮನೆಯಲ್ಲಿ ಕಾಫಿ ಮಾತ್ರ ಬೇರೆಯವರು ಬೀಸಿದ್ದು ಏಕೆ ಬರಬೇಕು? ನನ್ನ ಇವತ್ತಿನ ವಾದವೆಲ್ಲ ಇಷ್ಟೇ.

ಹುರಿದ ಕಾಫಿ ಬೀಜದ ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ. ಅದು ದಿನಗಟ್ಟಲೆ ನಿಧಾನವಾಗಿ ಹೊರಬೀಳುತ್ತ, ನೂರಾರು ಬಗೆಯ ಪರಿಮಳದ ಅಂಶಗಳನ್ನು ಒಳಗೇ ಕಾಪಾಡುತ್ತದೆ. ಇಡಿ ಬೀಜ ಮೂರು ನಾಲ್ಕು ವಾರ ಚೆನ್ನಾಗಿ ಬಾಳುತ್ತದೆ. ಪುಡಿಯಾದ ಗಳಿಗೆಯಿಂದ ಲೆಕ್ಕವೇ ಬೇರೆ. ಗಾಳಿ ತಾಗುವ ಮೈ ಹಲವು ಪಟ್ಟು ಹೆಚ್ಚುತ್ತದೆ, ಅನಿಲದ ಬಹುಪಾಲು ಬೇಗನೆ ಹೋಗುತ್ತದೆ, ಜೊತೆಗೆ ಪರಿಮಳವೂ. ಬೀಸುವಾಗ ಮನೆಯೆಲ್ಲ ಘಮ್ಮೆನ್ನುವುದು ಈ ಕಾರಣಕ್ಕೇ. ಆ ಘಮಲು ಲೋಟದೊಳಕ್ಕೂ ಬರಬೇಕೆಂದರೆ, ಬೀಸಿದ ಕೂಡಲೇ ಫಿಲ್ಟರಿಗೆ ಹಾಕಬೇಕು.

ಈಗ ಯಂತ್ರದ ವಿಷಯ. ಸಾವಿರದಿಂದ ಎರಡು ಸಾವಿರ ರೂಪಾಯಿಯೊಳಗೆ ‘ಕಾಫಿ ಗ್ರೈಂಡರ್’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳನ್ನು ಮಾರುತ್ತಾರೆ. ಒಂದು ಕರೆಂಟಿನದು, ಒಳಗೆ ಗಿರ್ರನೆ ತಿರುಗುವ ಬ್ಲೇಡು. ಅದು ಬೀಜವನ್ನು ಕತ್ತರಿಸುತ್ತದೆ, ಬೀಸುವುದಿಲ್ಲ. ಮನೆಯಲ್ಲಿ ಮಿಕ್ಸಿ ಇದ್ದವರಿಗೆ ಅದು ಬೇಡ. ಇನ್ನೊಂದು ಕೈಯಿಂದ ತಿರುಗಿಸುವ ಕೊಳವೆಯಂಥದ್ದು. ಅದರೊಳಗೆ ಹಲ್ಲು ಕೊರೆದ ಎರಡು ಭಾಗ: ಹೊರಗಿನ ಉಂಗುರ ಕದಲುವುದಿಲ್ಲ, ನಡುವಿನ ಶಂಕು ಹಿಡಿಕೆಯ ಜೊತೆ ತಿರುಗುತ್ತದೆ. ಮಾರುವವರು ಇದನ್ನು ‘ಬರ್’ ಎನ್ನುತ್ತಾರೆ. ಎರಡರ ನಡುವಿನ ಸಂದು ಎಷ್ಟೋ ಪುಡಿಯ ಕಾಳು ಅಷ್ಟು; ಸಂದಿಗೆ ಹಿಡಿಸುವಷ್ಟು ಸಣ್ಣದಾಗುವವರೆಗೆ ಬೀಜ ಕೆಳಗಿಳಿಯದು. ಈ ಬೆಲೆಯಲ್ಲಿ ಹಲ್ಲು ಸಾಮಾನ್ಯವಾಗಿ ಪಿಂಗಾಣಿಯದು. ತುಕ್ಕು ಹಿಡಿಯುವುದಿಲ್ಲ, ಆದರೆ ಸ್ಟೀಲಿನಷ್ಟು ಚುರುಕಾಗಿ ಕಡಿಯುವುದಿಲ್ಲ.

ಅಗ್ಗದ ಗ್ರೈಂಡರಿಗೂ ಐದಾರು ಸಾವಿರದ್ದಕ್ಕೂ ಇರುವ ದೊಡ್ಡ ವ್ಯತ್ಯಾಸ ನಡುವಿನ ಕಂಬಿಯಲ್ಲಿದೆ. ದುಬಾರಿಯದರಲ್ಲಿ ಅದನ್ನು ಮೇಲೂ ಕೆಳಗೂ ಬೇರಿಂಗ್ ಹಾಕಿ ಬಿಗಿಯಾಗಿ ಹಿಡಿದಿರುತ್ತಾರೆ. ಅಗ್ಗದ್ದರಲ್ಲಿ ಹಿಡಿತ ಸಡಿಲ. ತಿರುಗಿಸುವಾಗ ಶಂಕು ಅತ್ತಿತ್ತ ವಾಲುತ್ತದೆ, ಸಂದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಆಗ ಪುಡಿಯಲ್ಲಿ ತರಿಯೂ ಬರುತ್ತದೆ, ಹಿಟ್ಟೂ ಬರುತ್ತದೆ. ಹಿಟ್ಟಿನಂಥ ಭಾಗ ನೀರಿಗೆ ಬೇಗ ತನ್ನದೆಲ್ಲವನ್ನೂ ಬಿಟ್ಟುಕೊಟ್ಟು ಕಹಿ ಇಳಿಸುತ್ತದೆ, ತರಿ ಅರ್ಧಂಬರ್ಧ ಬಿಟ್ಟು ಹುಳಿ ಉಳಿಸುತ್ತದೆ. ಒಂದೇ ಲೋಟದಲ್ಲಿ ಎರಡೂ ದೋಷ.

ಇದನ್ನು ಓದಿ ಅಗ್ಗದ್ದು ಬೇಡವೆಂದು ಕೈಬಿಡಬೇಡಿ. ಈ ವಾಲಾಟದ ದುಷ್ಪರಿಣಾಮ ಹೆಚ್ಚು ಕಾಣುವುದು ಸಂದನ್ನು ಅಗಲ ಬಿಟ್ಟು ದಪ್ಪ ತರಿ ಬೀಸುವಾಗ. ಫ್ರೆಂಚ್ ಪ್ರೆಸ್‌ನಂಥ ಪಾತ್ರೆಗಳಿಗೆ ಅಂಥ ತರಿ ಬೇಕು. ಸಂದು ಕಿರಿದಾದಂತೆ ಎರಡು ಹಲ್ಲುಗಳೂ ಹತ್ತಿರ ಬಂದು, ಶಂಕು ವಾಲಲು ಜಾಗವೇ ಉಳಿಯದು, ಪುಡಿ ಸಮನಾಗುತ್ತದೆ. ನಮ್ಮ ಫಿಲ್ಟರಿಗೆ ಬೇಕಾದದ್ದು ಚಿರೋಟಿ ರವೆಗಿಂತ ತುಸು ನುಣುಪಾದ ಪುಡಿ. ಅಂದರೆ ಅಗ್ಗದ ಗ್ರೈಂಡರು ಚೆನ್ನಾಗಿ ಬೀಸುವ ಮಟ್ಟವೂ ದಕ್ಷಿಣದ ಫಿಲ್ಟರ್ ಕಾಫಿ ಕೇಳುವ ಮಟ್ಟವೂ ಹೆಚ್ಚುಕಡಿಮೆ ಒಂದೇ. ಮೇಲೆ ಹಾಲೂ ಬೀಳುವುದರಿಂದ ಉಳಿದ ಸಣ್ಣಪುಟ್ಟ ಒರಟುತನ ನಾಲಿಗೆಗೆ ಹತ್ತುವುದಿಲ್ಲ. ಎಸ್ಪ್ರೆಸೊ ಯಂತ್ರ ಇಟ್ಟುಕೊಂಡವರ ಮಾತು ಬೇರೆ. ಅವರಿಗೆ ಇದು ಸಾಲದು.

ಹದವನ್ನು ಕಣ್ಣಿನಿಂದ ನೋಡಿ ಗೊತ್ತುಮಾಡುವುದು ಕಷ್ಟ. ಫಿಲ್ಟರ್ ತಾನೇ ಹೇಳುತ್ತದೆ. ಇಬ್ಬರಿಗೆ 20 ಗ್ರಾಂ ಬೀಜ ಬೀಸಿ, ಮೇಲಿನ ಪಾತ್ರೆಗೆ ಹಾಕಿ, ಒತ್ತುಬಿಲ್ಲೆಯನ್ನು ಹಗುರಾಗಿ ಇಟ್ಟು, 120 ಮಿಲಿಲೀಟರ್ ಕುದಿವ ನೀರು ಸುರಿಯಿರಿ. ನಾಲ್ಕು ನಿಮಿಷಕ್ಕೆಲ್ಲ ಸರಸರನೆ ಇಳಿದುಬಿಟ್ಟರೆ ಪುಡಿ ತರಿಯಾಯಿತು, ಸಂದನ್ನು ಹೊಂದಿಸುವ ತಳದ ತಿರುಪನ್ನು ಒಂದು ಕಟಕ್ ಬಿಗಿ ಮಾಡಿ. ಅರ್ಧ ಗಂಟೆಯಾದರೂ ಮೇಲೆ ನೀರು ನಿಂತಿದ್ದರೆ ಒಂದು ಕಟಕ್ ಸಡಿಲಿಸಿ. ಹತ್ತರಿಂದ ಹದಿನೈದು ನಿಮಿಷ ಸರಿಯಾದ ಹದ. ಒಮ್ಮೆ ಸಿಕ್ಕ ಮೇಲೆ, ಪೂರ್ತಿ ಬಿಗಿಯಿಂದ ಎಷ್ಟನೇ ಕಟಕ್ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಶುಚಿ ಮಾಡಲು ಬಿಚ್ಚಿದಾಗ ಹದ ತಪ್ಪುತ್ತದೆ. ಬೀಜ ಹಾಕದೆ, ತಿರುಪು ಬಿಗಿ ಮಾಡಿ ಖಾಲಿ ತಿರುಗಿಸಬೇಡಿ, ಪಿಂಗಾಣಿ ಪಿಂಗಾಣಿಗೆ ಉಜ್ಜಿ ಸವೆಯುತ್ತದೆ. 20 ಗ್ರಾಂಗೆ ಮೂರು ನಾಲ್ಕು ನಿಮಿಷದ ಕೈಕೆಲಸ. ಹಾಲು ಕಾಯುವುದರೊಳಗೆ ಮುಗಿಯುತ್ತದೆ, ಬೆಳಗಿನ ಹೊತ್ತು ಕರೆಂಟು ಹೋದರೂ ನಿಲ್ಲುವುದಿಲ್ಲ.

ಮನೆ ತುಂಬ ನೆಂಟರಿದ್ದ ದಿನ ಮಿಕ್ಸಿಯೇ ಗತಿ. ಸಣ್ಣ ಜಾರಿನಲ್ಲಿ ಎರಡು ಮೂರು ಸೆಕೆಂಡಿಗೊಮ್ಮೆ ನಿಲ್ಲಿಸಿ, ಜಾರನ್ನು ಅಲುಗಾಡಿಸಿ ಮತ್ತೆ ತಿರುವಿ, ಕೊನೆಗೆ ಜರಡಿ ಹಿಡಿಯಿರಿ. ಮೇಲೆ ಉಳಿದ ತರಿಯನ್ನು ಇನ್ನೊಮ್ಮೆ ತಿರುವಿದರಾಯಿತು. ಒಂದೇ ಸಮನೆ ಓಡಿಸಿದರೆ ಪುಡಿ ಬಿಸಿಯಾಗುತ್ತದೆ, ಖಾರಕ್ಕೆ ಆಗುವ ಗತಿಯೇ ಅದಕ್ಕೂ ಆಗುತ್ತದೆ. ಜಾರು ಮಾತ್ರ ಕಾಫಿಗೇ ಮೀಸಲಾಗಿರಲಿ. ಮಸಾಲೆ ಅರೆದ ಜಾರನ್ನು ಎಷ್ಟು ತೊಳೆದರೂ ಅದರ ರಬ್ಬರಿಗೆ ಹತ್ತಿದ ವಾಸನೆ ಹೋಗುವುದಿಲ್ಲ.

ವಾಸನೆಯ ಮಾತು ಬಂದದ್ದರಿಂದ ಹಾವೇರಿಯವರಿಗೆ ಒಂದು ಬಿನ್ನಹ. ಏಲಕ್ಕಿ ಹಾರ ಕಟ್ಟುವ ಊರು ನಮ್ಮದು, ಕಾಫಿಗೆ ಏಲಕ್ಕಿ ಹಾಕುವ ಆಸೆ ಸಹಜ, ಅರಬರೂ ಹಾಕುತ್ತಾರೆ. ಹಾಕುವುದಾದರೆ ಏಲಕ್ಕಿಯನ್ನು ಬೇರೆ ಕುಟ್ಟಿ ಹಾಲಿಗೆ ಹಾಕಿ. ಗ್ರೈಂಡರಿನ ಹಲ್ಲಿಗೆ ಒಮ್ಮೆ ಅದರ ಎಣ್ಣೆ ಹತ್ತಿದರೆ ಮುಂದೆ ಬಹಳ ದಿನ ಪ್ರತಿ ಲೋಟದಲ್ಲೂ ಏಲಕ್ಕಿ. ಬ್ಯಾಡಗಿಯವರ ಕಷ್ಟ ಇನ್ನೊಂದು ಬಗೆಯದು. ಸುಗ್ಗಿಯ ತಿಂಗಳುಗಳಲ್ಲಿ ಪೇಟೆಯ ಸುತ್ತ ಗಾಳಿಯೇ ಮೆಣಸಿನಕಾಯಿ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುವಂಥದ್ದು, ಆದ್ದರಿಂದ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯೇ ಆಗಬೇಕು. ಖಾರದ ಡಬ್ಬಿ ಇರುವ ಮಾಡದಲ್ಲಿ ಅದನ್ನು ಇಡಬಾರದು.

ಫೆಬ್ರುವರಿ ಕಳೆದು ಗಾಳಿ ಒಣಗಿದ ಮೇಲೆ ಪುಡಿ ಗ್ರೈಂಡರಿನ ಗೋಡೆಗೆ ಅಂಟಿ, ಹಾರಾಡಿ, ಕಟ್ಟೆಯೆಲ್ಲ ಹರಡುತ್ತದೆ. ಬೀಸುವಾಗಿನ ತಿಕ್ಕಾಟದಲ್ಲಿ ಹುಟ್ಟುವ ವಿದ್ಯುತ್ತಿನ ಕೆಲಸ ಅದು. ಬೀಸುವ ಮುನ್ನ ಒದ್ದೆ ಚಮಚದ ಹಿಡಿಕೆಯಿಂದ ಬೀಜವನ್ನು ಒಮ್ಮೆ ಕಲಸಿದರೆ ಸಾಕು. ಕಾಫಿ ಪ್ರಿಯರು ಬಹಳ ಹಿಂದಿನಿಂದ ಮಾಡುತ್ತಿದ್ದ ಈ ಉಪಾಯ ಕೆಲಸ ಮಾಡುತ್ತದೆಂಬುದನ್ನು ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಅಳೆದೇ ತೋರಿಸಿದರು. ಆದರೆ ನೀರು ಒಂದು ಹನಿ ಅಂದರೆ ಒಂದೇ ಹನಿ.

ಬೀಜವನ್ನು ಅಕ್ಕಿ ಬೇಳೆಯಂತೆಯೇ ಹಸನು ಮಾಡಿ ಹಾಕಿ. ಬಿಡಿಯಾಗಿ ತಂದದ್ದರಲ್ಲಿ ಒಂದು ಹರಳು ಇದ್ದರೂ ಪಿಂಗಾಣಿಯ ಹಲ್ಲು ಚಕ್ಕೆ ಏಳುತ್ತದೆ, ಅಲ್ಲಿಗೆ ಗ್ರೈಂಡರಿನ ಆಯುಸ್ಸು ಮುಗಿಯಿತು. ಚಿಕೋರಿಯನ್ನೂ ಅದರೊಳಗೆ ಹಾಕಬೇಡಿ. ಹುರಿದ ಆ ಬೇರು ತೇವ ಎಳೆದುಕೊಂಡು ಅಂಟಾಗುತ್ತದೆ. ಪುಡಿ ಚಿಕೋರಿಯನ್ನೇ ತಂದು ಆಮೇಲೆ ಬೆರೆಸಿ. ಮನೆಯಲ್ಲಿ ಬೀಸುವುದರ ದೊಡ್ಡ ಲಾಭ ನನಗೆ ಕಾಣುವುದು ಇಲ್ಲಿಯೇ: ಚಿಕೋರಿಯ ಪ್ರಮಾಣ ನಿಮ್ಮ ಕೈಯಲ್ಲಿರುತ್ತದೆ. ಕಾಯ್ದೆಯ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಶೇ. 51ರಷ್ಟು ಕಾಫಿ ಇದ್ದರೆ ಸಾಕು. ಉಳಿದದ್ದೆಲ್ಲ ಚಿಕೋರಿ ಆಗಬಹುದು. ಮಂದ ಡಿಕಾಕ್ಷನ್ ಇಷ್ಟಪಡುವವರಿಗೆ ಶೇ. 10 ಸಾಕಾಗುತ್ತದೆ, 20 ದಾಟಿದರೆ ಕಾಫಿಯ ಸ್ವಂತ ರುಚಿ ಮುಚ್ಚಿಹೋಗುತ್ತದೆ. ನಾನು ಹಾಕುವುದಿಲ್ಲ.

ವಾರಕ್ಕೊಮ್ಮೆ ಬಿಚ್ಚಿ ಒಣ ಬ್ರಷ್ಷಿನಿಂದ ಉಜ್ಜಿ. ಹಲ್ಲಿನ ಸಂದಿಯಲ್ಲಿ ಉಳಿದ ಕಾಫಿಯ ಎಣ್ಣೆ ಕಮಟು ಹಿಡಿದರೆ ಹೊಸ ಬೀಜವನ್ನೂ ಕೆಡಿಸುತ್ತದೆ.

ಇನ್ನು ಬೀಜ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವುದು ಕರ್ನಾಟಕದಲ್ಲಿ, ಚಿಕ್ಕಮಗಳೂರು ನಮಗೆ ಅರ್ಧ ದಿನದ ದಾರಿ. ಆದರೂ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಮೂರೂ ಊರುಗಳ ಅಂಗಡಿಯಲ್ಲಿ ಹುರಿದ ಇಡಿ ಬೀಜ ಕೇಳಿದರೆ ಸಿಗುವುದು ಅಪರೂಪ. ಶಿವಮೊಗ್ಗ, ಚಿಕ್ಕಮಗಳೂರಿಗೆ ಹೋಗಿಬರುವವರ ಕೈಲಿ ತರಿಸಿ, ಇಲ್ಲವೇ ಹುರಿಯುವವರಿಂದಲೇ ಕೊರಿಯರಿನಲ್ಲಿ ತರಿಸಿಕೊಳ್ಳಿ. ಕೇಳಬೇಕಾದ ಮಾತು ಎರಡೇ: ಬೀಸದೆ ಕೊಡಿ, ಹುರಿದ ತಾರೀಖು ಬರೆದುಕೊಡಿ. ಮೊದಲ ಸಲಕ್ಕೆ ಪ್ಲಾಂಟೇಷನ್ ಎ ದರ್ಜೆಯ ಅರೇಬಿಕಾ ಮೂರು ಪಾಲು, ರೋಬಸ್ಟಾ ಒಂದು ಪಾಲು, ಮಧ್ಯಮಕ್ಕಿಂತ ತುಸು ಹೆಚ್ಚು ಹುರಿದದ್ದು. ನಮ್ಮ ಗಟ್ಟಿ ಎಮ್ಮೆ ಹಾಲಿಗೆ ಆ ಒಂದು ಪಾಲು ರೋಬಸ್ಟಾ ಬೇಕೇಬೇಕು, ಬರೀ ಅರೇಬಿಕಾ ಅದರಲ್ಲಿ ಕಳೆದುಹೋಗುತ್ತದೆ. ತೀರ ಕಡಿಮೆ ಹುರಿದ ಬೀಜ ಗಟ್ಟಿ. ಅಗ್ಗದ ಗ್ರೈಂಡರಿನಲ್ಲಿ ತಿರುಗಿಸುವವರ ರಟ್ಟೆ ನೋಯುತ್ತದೆ. ಎರಡು ಹೊತ್ತು ಕುಡಿಯುವ ಇಬ್ಬರ ಮನೆಗೆ ಅರ್ಧ ಕಿಲೋ ಹನ್ನೆರಡು ದಿನ ಬರುತ್ತದೆ. ತಂದ ಕೂಡಲೇ ಎರಡು ಡಬ್ಬಿಗೆ ಹಂಚಿ, ಒಂದು ಮುಗಿಯುವವರೆಗೆ ಇನ್ನೊಂದರ ಮುಚ್ಚಳ ತೆಗೆಯಬೇಡಿ.